ಒಂಬತ್ತು ಕಳ್ಳ ಗೆರೆಗಳು

ಇವತ್ತು ಮುಂಜಾನೆ ಸೊಸೆ ವಡೆಗೆಂದು ಉದ್ದಿನಬೇಳೆ ರುಬ್ಬುತ್ತಿದ್ದಳು. ಗಂಗಾವತಿಯ ನಮ್ಮ ಅಡಿಗೆಮನೆ ಚಿಕ್ಕದು. ಹಸಿ ಉದ್ದಿನ ವಾಸನೆ ಎದ್ದರೆ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ನೇರ ನನ್ನ ಮೂಗಿಗೇ ಬರಬೇಕು. ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಮುರಿದ ಕೈಕಾಲು ನೆನಪಾಗುತ್ತವೆ. ನಗಬೇಡಿ. ನಾನು ಎಲುಬು ಕಟ್ಟುವವನ ಮಗಳು. ಮದುವೆಯಾಗಿ ಇಲ್ಲಿಗೆ ಬರುವವರೆಗೂ ನಾನು ಕಲಸಿದ ಉದ್ದಿನ ಹಿಟ್ಟು ಒಂದು ದಿನವಾದರೂ ಬಾಣಲೆಯ ಮುಖ ಕಂಡದ್ದಿಲ್ಲ.

ನಮ್ಮೂರು ತಾವರಗೇರಾ. ಆಗಿನ್ನೂ ನಿಜಾಮರ ಆಳ್ವಿಕೆ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತಂತೆ. ಚಿಮಣಿ ಎಣ್ಣೆ ಸಿಗದೇ ಹೋದದ್ದರಿಂದ ಮಾತ್ರ ನಮಗೆ ಅದು ಗೊತ್ತು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಅವನ ಬಲಗೈ ಹೆಬ್ಬೆರಳಿಗೆ ಎಲ್ಲ ಗೊತ್ತಿತ್ತು. ಅದರಿಂದ ಒತ್ತಿ ಒತ್ತಿ ನೋಡಿ, ಎಲುಬನ್ನು ಜಾಗಕ್ಕೆ ಕೂಡಿಸಿ, ಉದ್ದಿನ ಹಿಟ್ಟಿಗೆ ತತ್ತಿಯ ಲೋಳೆ ಕಲಸಿ ಬಳಿದು, ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿದನೆಂದರೆ ಮುಗಿಯಿತು. ಕೈಗೆ ನಲವತ್ತು ದಿನ, ಕಾಲಿಗೆ ಅರವತ್ತು. ಅದರೊಳಗೆ ದೇವರೇ ಬಂದು ಹೇಳಿದರೂ ಅಪ್ಪ ಕಟ್ಟು ಬಿಚ್ಚುತ್ತಿರಲಿಲ್ಲ.

ದಿನಗಳನ್ನು ಎಣಿಸುವವಳು ನಾನು. ಪಡಸಾಲೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಒಬ್ಬೊಬ್ಬ ರೋಗಿಗೆ ಒಂದೊಂದು ಗುರುತು ಬರೆಯುತ್ತಿದ್ದೆ. ಕುರಿಯವನಿಗೆ ಕುರಿ, ಗಾಡಿಯವನಿಗೆ ಗಾಲಿ. ಗುರುತಿನ ಕೆಳಗೆ ದಿನಾ ಮುಂಜಾನೆ ಮುಖ ತೊಳೆದ ಕೂಡಲೇ ಸುಣ್ಣದಲ್ಲಿ ಬೆರಳದ್ದಿ ಒಂದು ಗೆರೆ. ನನ್ನ ಕುರಿಗಳು ನಾಯಿಯಂತಿರುತ್ತಿದ್ದವು, ಅದು ಬೇರೆ ಮಾತು. ಆದರೆ ಗೆರೆಯಲ್ಲಿ ತಪ್ಪು ಬಂದದ್ದಿಲ್ಲ. ಅಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ: "ನನ್ನ ಪಂಚಾಂಗ ಇಕಿನೇ ನೋಡ್ರಿ. ಸುಳ್ಳ ಹೇಳೂದಿಲ್ಲ."

ಇನ್ನು ನನ್ನ ಹುಚ್ಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಹಿಂದೆ ಸಂತೆ ಬಯಲು. ಜೋಳದ ಸುಗ್ಗಿ ಮುಗಿದು ಗಂಡಸರ ಕೈ ಖಾಲಿಯಾದರೆ ಅಲ್ಲಿ ಹುತುತು ಆಟ, ಈಗಿನವರು ಕಬಡ್ಡಿ ಎನ್ನುತ್ತಾರಲ್ಲ, ಅದೇ. ನಮ್ಮೂರ ಏಳು ಮಂದಿ ಒಂದು ವಾರ ಕುಷ್ಟಗಿಯವರ ಮೇಲೆ, ಇನ್ನೊಂದು ವಾರ ಮತ್ತೊಂದು ಊರಿನವರ ಮೇಲೆ ಆಡುತ್ತಿದ್ದರು. ಎಲ್ಲಕ್ಕಿಂತ ಕೊನೆಗೆ ಯಲಬುರ್ಗಿಯವರ ಜೊತೆ. ಅವರನ್ನು ನಾವು ಒಮ್ಮೆಯೂ ಗೆದ್ದಿರಲಿಲ್ಲ. ಹೆಣ್ಣುಮಕ್ಕಳು ಬಯಲಿಗೆ ಹೋಗುವಂತಿರಲಿಲ್ಲ, ಆದರೆ ಮಾಳಿಗೆ ಏರಬೇಡ ಎಂದು ಯಾರೂ ಹೇಳಿರಲಿಲ್ಲವಲ್ಲ! ಮೆಣಸಿನಕಾಯಿ ಒಣಗಿಸುವ ನೆಪ ಮಾಡಿ ಏರಿ ಕುಳಿತೆನೆಂದರೆ ಹೊತ್ತು ಮುಳುಗುವವರೆಗೆ ಇಳಿಯುತ್ತಿರಲಿಲ್ಲ. ನಮ್ಮವನೊಬ್ಬ ದಮ್ಮು ಹಿಡಿದು ಆಚೆ ಹೋದರೆ ನಾನೂ ಇಲ್ಲಿ ಉಸಿರು ಬಿಗಿಹಿಡಿಯುತ್ತಿದ್ದೆ. ಅವನು ಗೆರೆ ದಾಟಿ ಬಂದರೆ ಕುಣಿಯುತ್ತಿದ್ದೆ. ಮಣ್ಣಿನ ಮಾಳಿಗೆ, ಕೆಳಗೆ ಅವ್ವನ ಸಾರಿನಲ್ಲಿ ಮಣ್ಣು ಉದುರುತ್ತಿತ್ತು.

"ಏ ಹುಚ್ಚವ್ವಾ, ನೀ ಕುಣಿದ್ರ ಅವ್ರೇನ ಗೆಲ್ತಾರನ?" ಎಂದು ಅವ್ವ ಕೂಗುತ್ತಿದ್ದಳು.

ಗೆಲ್ಲುತ್ತಾರೆ ಎಂದೇ ನಾನು ನಂಬಿದ್ದೆ.

ಆ ವರ್ಷ ಮಾತ್ರ ನಮ್ಮ ತಂಡಕ್ಕೆ ಯಾರ ಕಣ್ಣು ತಾಗಿತ್ತೋ ಏನೋ. ಮೊದಲ ಆಟದಲ್ಲೇ ನಾಯಕ ಮಲ್ಲಪ್ಪನ ಮೊಣಕಾಲು ಹೊರಳಿತು. ಮುಂದಿನ ವಾರ ಒಬ್ಬನ ಹೆಗಲು ಇಳಿಯಿತು. ಅವನ ಬದಲಿಗೆ ಬಂದವನು ಆಡುವಾಗ ಏನೂ ಮಾಡಿಕೊಳ್ಳದೆ, ಗೆದ್ದ ಖುಷಿಯಲ್ಲಿ ಮನೆಗೆ ಓಡುತ್ತ ಎಡವಿ ಬಿದ್ದು ಬೆರಳು ಮುರಿದುಕೊಂಡ! ಹೀಗೆ ಒಬ್ಬೊಬ್ಬರಾಗಿ ನಮ್ಮ ಕಟ್ಟೆಗೇ ಬಂದರು. ಒಂದು ಹಂತದಲ್ಲಿ ಬಯಲಲ್ಲಿದ್ದ ತಂಡಕ್ಕಿಂತ ನಮ್ಮ ಕಟ್ಟೆಯ ಮೇಲಿದ್ದ ತಂಡವೇ ಛಲೋ ಇತ್ತು. ನಾನು ಹಿಟ್ಟು ಕಲಸುತ್ತ ಅವರ ಮಾತನ್ನೆಲ್ಲ ಕಿವಿಗೆ ತುಂಬಿಕೊಳ್ಳುತ್ತಿದ್ದೆ. ಪಾಪ, ನೋವಿನಲ್ಲಿದ್ದರು ಅವರು. ನನಗೆ ಹಬ್ಬ.

ಇಷ್ಟಾದರೂ ನಮ್ಮವರು ಸೋಲಲಿಲ್ಲ, ಏಕೆಂದರೆ ಖಾಸೀಮಣ್ಣ ಇದ್ದ. ಪಿಂಜಾರರ ಓಣಿಯವನು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ದಿನವಿಡೀ ಬಿಲ್ಲಿನ ಹುರಿಗೆ ಹೊಡೆದು ಹೊಡೆದು ಹತ್ತಿ ಹಿಂಜುತ್ತಿದ್ದ. ಆ ಬಲಗೈ ಒಮ್ಮೆ ಹಿಡಿದರೆ ಯಾರೂ ಬಿಡಿಸಿಕೊಳ್ಳುವಂತಿರಲಿಲ್ಲ. ಅವನ ದಮ್ಮು ಮಾಳಿಗೆಯವರೆಗೂ ಕೇಳುತ್ತಿತ್ತು. ಯಲಬುರ್ಗಿಯ ಆಟಕ್ಕೆ ತಿಂಗಳ ಮೇಲೆ ಮೂರು ದಿನ ಉಳಿದಿದೆ ಎನ್ನುವಾಗ, ಕುಷ್ಟಗಿಯವರ ಇಬ್ಬರು ಅವನ ಮೇಲೆ ಬಿದ್ದರು. ಅದೇ ಬಲ ಮುಂಗೈ ಮುರಿಯಿತು.

ಅಪ್ಪ ಕಟ್ಟು ಕಟ್ಟಿದ. ಖಾಸೀಮಣ್ಣ ಹಲ್ಲು ಕಚ್ಚಿ ಕುಳಿತಿದ್ದವನು ಕೇಳಿದ್ದು ಒಂದೇ ಮಾತು: "ಕಾಕಾ, ಯಲಬುರ್ಗಿ ಆಟಕ್ಕ ಆಕ್ಕೈತೇನ್ರಿ?"

"ಆಟದ ಚಿಂತಿ ಬಿಡೋ ತಮ್ಮಾ. ಈ ಕೈಲೆ ನೀ ರೊಟ್ಟಿ ತಿನಬೇಕು. ನಲವತ್ತ ದಿನಾ ಅಂದ್ರ ನಲವತ್ತ."

ನಾನು ಗೋಡೆಯ ಮೇಲೆ ಒಂದು ಬಿಲ್ಲು ಬರೆದೆ. ಮೊದಲ ವಾರ ದಿನಕ್ಕೆ ಒಂದೇ ಗೆರೆ. ಬೆರಳ ಮೇಲೆ ಲೆಕ್ಕ ಹಾಕಿದೆ. ಆಟದ ದಿನಕ್ಕೆ ಒಂದು ವಾರ ಕಡಿಮೆ ಬೀಳುತ್ತಿತ್ತು. ಬರೀ ಒಂದು ವಾರ! ಎಂಟನೆಯ ದಿನ ಮುಂಜಾನೆ ಸುಣ್ಣದಲ್ಲಿ ಅದ್ದಿದ ಬೆರಳು ಒಂದು ಗೆರೆ ಎಳೆಯಿತು, ಅದರ ಪಕ್ಕಕ್ಕೆ ಇನ್ನೊಂದು ಎಳೆಯಿತು. ಬೆರಳು ಎಳೆಯಿತು ಎಂದು ಈಗಲೂ ಹೇಗೆ ನುಣುಚಿಕೊಳ್ಳುತ್ತಿದ್ದೇನೆ ನೋಡಿ. ನಾನೇ ಎಳೆದೆ. ಆ ದಿನ ಎದೆ ಡವಡವ ಎನ್ನುತ್ತಿತ್ತು. ಎರಡನೆಯ ಸಲಕ್ಕೆ ಅಷ್ಟು ಹೊಡೆದುಕೊಳ್ಳಲಿಲ್ಲ. ಹೀಗೆ ಎರಡು ಮೂರು ದಿನಕ್ಕೊಂದರಂತೆ ಒಟ್ಟು ಒಂಬತ್ತು ಗೆರೆ ಹೆಚ್ಚಿಗೆ ಎಳೆದೆ.

ಅಪ್ಪನಿಗೆ ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ಆ ವರ್ಷ ಗೋಡೆಯ ತುಂಬ ಗುರುತುಗಳು. ವಾರದಲ್ಲಿ ನಾಲ್ಕು ದಿನ ಅಪ್ಪ ಸುತ್ತಲ ಹಳ್ಳಿಗಳಲ್ಲಿ. ಯಾರು ಯಾವ ಅಮಾವಾಸ್ಯೆಗೆ ಬಂದರು ಎಂಬುದೆಲ್ಲ ಅವನ ತಲೆಯಲ್ಲಿ ಕಲಸಿಹೋಗಿತ್ತು. ಖಾಸೀಮಣ್ಣನೋ, ಗೋಡೆಯನ್ನು ನೋಡಿ ದಿನಗಳು ಬೇಗ ಓಡುತ್ತಿವೆ ಎಂದು ಖುಷಿಪಟ್ಟನೇ ಹೊರತು ಎಣಿಸಲು ಹೋಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ನನ್ನನ್ನು ನಂಬಿದ್ದ.

ಆಟಕ್ಕೆ ಎರಡು ದಿನ ಮೊದಲು ಕಟ್ಟು ಬಿಚ್ಚಿದರು. ಅಪ್ಪ ಹೆಬ್ಬೆರಳಿನಿಂದ ಮುಂಗೈ ಒತ್ತಿದ. ಹುಬ್ಬು ಗಂಟಿಕ್ಕಿದ. ಮತ್ತೆ ಒತ್ತಿದ.

"ಇನ್ನಾ ಎಳೇದ ಐತೆಲ್ಲ ಇದು..." ಎಂದು ಗೋಡೆಯ ಹತ್ತಿರ ಹೋಗಿ ಒಂದೊಂದೇ ಗೆರೆ ಮುಟ್ಟಿ ಎಣಿಸಿದ. ನಲವತ್ತು. ಮತ್ತೊಮ್ಮೆ ಎಣಿಸಿದ. ನನ್ನ ಕಡೆ ತಿರುಗಿದ.

"ಯವ್ವಾ, ದಿನಕ್ಕ ಒಂದ ಗೆರಿ ಹಾಕೀಯಿಲ್ಲೋ?"

"ಹೂಂ ಅಪ್ಪಾ."

ಅಷ್ಟೇ. ಈ ಜನ್ಮದಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ; ಸೊಸೆಗೂ ಹೇಳಿದ್ದೇನೆ, ಹಾಲು ಬೆಕ್ಕು ಕುಡಿಯಿತು ಎಂದು. ಆದರೆ ಆ "ಹೂಂ" ನೆನಪಾದರೆ ಇಂದಿಗೂ ಮೈ ಹಿಡಿಯಷ್ಟಾಗುತ್ತದೆ. ಅಪ್ಪ ತನ್ನ ಹೆಬ್ಬೆರಳಿನ ಮಾತು ಬಿಟ್ಟು ನನ್ನ ಮಾತು ಕೇಳಿದ.

ಯಲಬುರ್ಗಿಯವರು ಮೂರು ಗಾಡಿ ಕಟ್ಟಿಕೊಂಡು ಬಂದರು. ಖಾಸೀಮಣ್ಣ ಮೊದಲು ಸ್ವಲ್ಪ ಹಿಂದೆಯೇ ನಿಂತು ಆಡಿದ. ನಮ್ಮವರು ಹಿಂದೆ ಬಿದ್ದಾಗ ಅವನಿಗೆ ತಡೆಯಲಾಗಲಿಲ್ಲ, ದಮ್ಮು ಹಿಡಿದು ನುಗ್ಗಿದ. ಇಬ್ಬರನ್ನು ಮುಟ್ಟಿ ತಿರುಗುವಾಗ ಒಬ್ಬ ಅವನ ಬಲಗೈ ಹಿಡಿದ. ಕಟ್ಟು ಬಿಚ್ಚಿದ ಕೈ ಎಂದು ಅವನಿಗೇನು ಗೊತ್ತು? ಖಾಸೀಮಣ್ಣ ಜಗ್ಗಿದ. ದಮ್ಮು ಬಿಡದೆ ಜಗ್ಗಿ, ಮುಂದಕ್ಕೆ ಬಿದ್ದು ಗೆರೆ ಮುಟ್ಟಿದ. ಜನ ಹೋ ಎಂದರು, ನಾನೂ ಕುಣಿದೆ. ಅವನು ಏಳಲಿಲ್ಲ. ಕೈ ಮೊದಲು ಮುರಿದಲ್ಲೇ ಬಾಗಿ ನೇತಾಡುತ್ತಿತ್ತು.

ನಾಲ್ಕು ಮಂದಿ ಅವನನ್ನು ಹೊತ್ತು ನಮ್ಮ ಮನೆಗೆ ತಂದರು. ಬಯಲಲ್ಲಿ ಆಟ ಮತ್ತೆ ಶುರುವಾಯಿತು. ಕೆಳಗಿನಿಂದ ಅಪ್ಪನ ಕೂಗು ಬಂತು: "ಯವ್ವಾ, ಲಗೂ ಬಾ, ಹಿಟ್ಟ ಕಲಸು!"

ನಾನು ಇಳಿಯಲಿಲ್ಲ.

ಭಯದಿಂದ ಅಡಗಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಆಟ ಕೊನೆಗೆ ಬಂದಿತ್ತು, ನನಗೆ ನೋಡಬೇಕಾಗಿತ್ತು. ಕೆಳಗೆ ಖಾಸೀಮಣ್ಣ ಚೀರಿದ್ದು ಕೇಳಿತು, ಅಪ್ಪ ಇನ್ನೊಮ್ಮೆ ಕೂಗಿದ್ದೂ ಕೇಳಿತು. ಅವ್ವನೇ ಹಿಟ್ಟು ಕಲಸಿದಳು. ನಾನು ಆಟ ಮುಗಿದ ಮೇಲೆ ಇಳಿದೆ. ಛೀ, ಎಂಥವಳು ನಾನು!

ಆ ಕೈ ಸೊಟ್ಟಾಗಿಯೇ ಕೂಡಿತು. ಬಿಲ್ಲಿಗೆ ಹೊಡೆಯುವ ಬಲ ಮರಳಿ ಬರಲಿಲ್ಲ. ಖಾಸೀಮಣ್ಣ ಬಿಲ್ಲನ್ನು ತಮ್ಮನಿಗೆ ಕೊಟ್ಟು ಸಂತೆಯಲ್ಲಿ ಮಂಡಕ್ಕಿ ಮಾರಲು ಕುಳಿತ, ಎಡಗೈಯಿಂದ ಅಳೆದುಕೊಡುತ್ತ. ನಾನು ಹೋದರೆ ಮೇಲೊಂದು ಹಿಡಿ ಹಾಕುತ್ತಿದ್ದ. "ನಿಮ್ಮಪ್ಪಾರ ಕೈಗುಣ ದೊಡ್ಡದವ್ವಾ. ನನ್ನ ನಸೀಬ ಖೋಟಿ," ಎನ್ನುತ್ತಿದ್ದ. ಆಮೇಲೆ ಸಂತೆಯಲ್ಲಿ ಆ ಸಾಲು ತಪ್ಪಿಸಿ ಓಡಾಡುವುದನ್ನು ಕಲಿತೆ.

ಊರು ಖಾಸೀಮಣ್ಣನಷ್ಟು ಒಳ್ಳೆಯದಿರಲಿಲ್ಲ. "ಮುದುಕನ ಕೈಗುಣ ಹೋತು" ಎಂದು ಜನ ಆಡಿಕೊಂಡರು. ಬರುವವರು ಕಡಿಮೆಯಾದರು. ಕಟ್ಟೆಯ ಮೇಲೆ ಯಾರಾದರೂ ಕೇಳಿದರೆ ಅಪ್ಪ, "ನಂದ ತಪ್ಪ್ರಿ. ಎಲುಬು ಎಳೇದ ಐತಿ ಅಂತ ಗೊತ್ತಾಗಿತ್ತು, ಬಿಚ್ಚಿಬಿಟ್ಟೆ" ಎನ್ನುತ್ತಿದ್ದ. ನಾನು ಒಳಗೆ ನಿಂತು ಕೇಳುತ್ತಿದ್ದೆ. ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಎಷ್ಟು ನಾಳೆಗಳು ಬಂದವೋ!

ಎರಡು ತಿಂಗಳ ಮೇಲೆ ಕಾಲು ಮುರಿದ ಒಬ್ಬ ಕುರಿಯವನು ಬಂದ. ನಾನು ಎಂದಿನಂತೆ ಸುಣ್ಣದ ಬಟ್ಟಲು ತರಲು ಎದ್ದೆ. "ಇರಲಿ ಬಿಡವ್ವಾ," ಎಂದ ಅಪ್ಪ. ಅಡಿಗೆಮನೆಯಿಂದ ಒಂದು ಹಿಡಿ ಹುಣಸೆಬೀಜ ತಂದು, ಅರವತ್ತು ಎಣಿಸಿ, ದೇವರ ಮಾಡದಲ್ಲಿ ಇಟ್ಟ. ಮರುದಿನದಿಂದ ದಿನಕ್ಕೊಂದರಂತೆ ತಾನೇ ತೆಗೆದುಹಾಕಿದ. ಊರಿಗೆ ಹೋಗುವಾಗ ಬೀಜಗಳನ್ನು ಸೊಂಟದ ಚೀಲದಲ್ಲಿ ಹಾಕಿಕೊಂಡು ಹೋದ. ನನ್ನನ್ನು ಏನೂ ಕೇಳಲಿಲ್ಲ, ಬೈಯಲಿಲ್ಲ, ಪ್ರೀತಿಯಲ್ಲಿ ಒಂದು ಗುಂಜಿ ಕಡಿಮೆ ಮಾಡಲಿಲ್ಲ. ಆದರೆ ಸಾಯುವವರೆಗೂ ನನ್ನ ಕೈಗೆ ಲೆಕ್ಕ ಕೊಡಲಿಲ್ಲ. ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಊರ ಮುಂದೆ "ನಂದ ತಪ್ಪು" ಎಂದಿದ್ದ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಈಗ ಅಪ್ಪನಿಲ್ಲ, ಖಾಸೀಮಣ್ಣನಿಲ್ಲ. ನನ್ನ ಗಂಡನಿಗೂ ಹೇಳದ ಈ ಮಾತನ್ನು ಇವತ್ತು ಸೊಸೆಗೆ ಹೇಳಿದೆ. ಯಾಕೆ ಹೇಳಿದೆನೋ! ಅವಳು ಮಿಕ್ಸಿ ನಿಲ್ಲಿಸಿ, "ಯಾಕತ್ತಿ, ಒಂದ ನಮೂನಿ ಕುಂತೀರೆಲ್ಲ?" ಎಂದಳು, ಅಷ್ಟಕ್ಕೇ ಎಲ್ಲ ಹೊರಗೆ ಬಂತು. ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ನನ್ನ ಕೈ ಹಿಡಿದುಕೊಂಡು, "ಸಣ್ಣಾಕಿ ಇದ್ರಿ, ತಿಳೀಲಿಲ್ಲ ಬಿಡ್ರಿ" ಎಂದಳು. ನನಗೆ ತಿಳಿದಿತ್ತು ಎಂದೆ. ಅವಳು ರುಬ್ಬಿದ ಹಿಟ್ಟನ್ನು ಪಾತ್ರೆಗೆ ತೆಗೆದಳು. ಆಮೇಲೆ ತಡೆಯಲಾರದೆ ಕೇಳಿದಳು:

"ಮತ್ತ... ಆಟ ಯಾರ ಗೆದ್ರು?"

"ನಾವ!" ಎಂದೆ. "ಒಂದ ಆಳಿನ್ಯಾಗ ಗೆದ್ದಿವಿ ನೋಡು!" ಎಂದು ತೊಡೆ ತಟ್ಟಿದೆ. ದನಿ ಅಕ್ಕಪಕ್ಕದ ಮನೆಗೂ ಕೇಳುವಷ್ಟು ಜೋರಾಗಿತ್ತು. ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ನಗುವಿತ್ತು ಎಂದು ನನಗೆ ಆಗ ಗೊತ್ತಾಯಿತು. ಸೆರಗಿನಿಂದ ಮುಚ್ಚಿಕೊಂಡೆ.