ಅರ್ಧ ಬೆಂದ ಅನ್ನ

ಗೆಳೆಯರೇ, ಇಂದಿನ ಲೆಕ್ಕ: ಒಂದು ಹಂಡೆ ಅಕ್ಕಿ, ಒಂದು ಬುಟ್ಟಿ ಬಂಗಡೆ, ಟೆಂಪೊ ಬಾಡಿಗೆ, ಇದನ್ನು ಬರೆಯಲು ಅಂಕೋಲೆಯ ಈ ಸೈಬರ್ ಕೆಫೆಗೆ ಒಂದು ಗಂಟೆಯ ದುಡ್ಡು. ಸೌದೆಗೆ ಖರ್ಚಿಲ್ಲ. ಫಾರೆಸ್ಟರ್ ಸಾಹೇಬರೇ ಕಾಡಿನಿಂದ ತರಿಸಿಕೊಟ್ಟಿದ್ದರು.

ಶೆಟಗೇರಿ ಕಡೆಯ ಕಾಡಂಚಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಅರಣ್ಯ ನಿರ್ವಹಣೆಯ ಪಾಠವಿತ್ತು. ಊಟದ ಗುತ್ತಿಗೆ ನನ್ನದು.

"ಒಣಕಟ್ಟಿಗೆಯಾದರೂ ಪಾಸ್ ಇಲ್ಲದೆ ತಂದರೆ ಅಪರಾಧ" ಎಂದು ಸಾಹೇಬರು ಪಾಠ ಮುಗಿಸಿದರು. "ಪ್ರಶ್ನೆ ಇದ್ದರೆ ಕೇಳಿ."

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನನ್ನ ಒಲೆ ತೋರಿಸಿದಳು. "ಸರ್, ಆ ಕಟ್ಟಿಗೆಗೆ ಪಾಸ್ ಅದ್ಯಾ?"

"ಅದು ನಿಮ್ಮ ಊಟಕ್ಕಮ್ಮ."

"ನಮ್ಮವ್ವ ತಂದದ್ದೂ ಊಟಕ್ಕೇಯ. ಹೋದ ವಾರ ನೀವು ಅವಳ ಕತ್ತಿ ಕಸ್ಕಂಡ್ರಿ. ಈಗ ಕೂಲಿಗೆ ಹೋಗೂಕೂ ಕತ್ತಿಯಿಲ್ಲ."

ಮಕ್ಕಳ ಜೊತೆ ಬಂದಿದ್ದ ಮಾಸ್ತರರು ಮರದ ತುದಿ ನೋಡತೊಡಗಿದರು. ಸಾಹೇಬರು ನನ್ನತ್ತ ತಿರುಗಿ, "ಬೆಂಕಿ ಆರಿಸಯ್ಯ" ಎಂದರು.

"ಅನ್ನ ಅರ್ಧ ಬೆಂದದೆ ಮಾರಾಯ್ರೆ! ಇಷ್ಟು ಮಕ್ಕಳಿಗೆ ಎಂತ ಬಡಿಸೂದು?"

ಆದರೂ ಆರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ತಟ್ಟೆ ಬಡಿಯತೊಡಗಿದರು. ಆಮೇಲೆ ಸಾಹೇಬರು ಕಳಿಸಿದ ಜೀಪು ಆಫೀಸಿಗೆ ಹೋಗಿ ಆ ಕತ್ತಿ ತಂದಿತು. ನಾನು ಅದೇ ಕಟ್ಟಿಗೆಗೆ ಮತ್ತೆ ಬೆಂಕಿ ಹಚ್ಚಿದೆ.

ಹುಡುಗಿಯ ಅವ್ವನಿಗೆ ಕತ್ತಿ ಸಿಕ್ಕಿತು. ಸಾಹೇಬರಿಗೆ ಚಪ್ಪಾಳೆ, ಮಕ್ಕಳಿಗೆ ಗಂಜಿಯೂ ಅಲ್ಲದ ಅನ್ನವೂ ಅಲ್ಲದ ಊಟ. ನನ್ನ ಪಾಲಿಗೆ ಉಳಿದದ್ದು ಅರ್ಧ ಹೊರೆ ಕಟ್ಟಿಗೆ. ಅದನ್ನೂ ಅಲ್ಲೇ ಬಿಟ್ಟು ಬಂದೆ, ಪಾಸ್ ಇರಲಿಲ್ಲ.