ಹಳ್ಳದ ಬಂಡೆಯ ಅಕ್ಷತೆ

ತೊಂಬತ್ತರ ದಶಕದ ಕೊನೆಯ ಮಾತು. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಭದ್ರಾವತಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದೆ. ಉಂಬ್ಳೇಬೈಲಿನ ಕಡೆಯ ಕಾಡಿನ ಹಳ್ಳದಲ್ಲಿ ಚಿಕ್ಕ ಜಾತಿಯ ನೀರುನಾಯಿ ಇದೆಯೆಂದು ಭದ್ರಾವತಿಯ ಓಲ್ಡ್ ಟೌನಿನ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಬೆಕ್ಕಿಗಿಂತ ತುಸು ಉದ್ದ, ಏಡಿಯನ್ನು ಚಿಪ್ಪಿನ ಸಮೇತ ಕಡಿದು ತಿನ್ನುವ ಪ್ರಾಣಿ. ಪಾಠದಲ್ಲಿ ಎಷ್ಟೋ ಸಲ ಅದರ ಹೆಸರು ಹೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಗಂಡನಿಗೆ ಕಾರ್ಖಾನೆಯಲ್ಲಿ ಭಾನುವಾರವೂ ಪಾಳಿ. ಒಬ್ಬಳೇ ಕಾಡಿಗೆ ಹೋಗಕೂಡದೆಂದು ಮಾವ ಹಟ ಹಿಡಿದರು. ನಿವೃತ್ತ ಸಂಸ್ಕೃತ ಮೇಷ್ಟ್ರು. ಮಡಿಯಲ್ಲಿ ಅತ್ತೆಗಿಂತ ಒಂದು ಕೈ ಮೇಲು. "ನಾನೂ ಬರ್ತೀನಿ, ನಡಿ" ಎಂದು ಪಂಚೆ ಎತ್ತಿ ಕಟ್ಟಿ, ಚೊಂಬು ಪಂಚಪಾತ್ರೆಯ ಚೀಲ ಹಿಡಿದು ನನ್ನ ಸ್ಕೂಟರಿನ ಹಿಂದೆ ಕೂತೇಬಿಟ್ಟರು.

ಹಳ್ಳದಲ್ಲಿ ಮಿಂದು ಜಪಕ್ಕೆ ಅವರು ಆರಿಸಿಕೊಂಡದ್ದು ನೀರಿನ ನಡುವಿನ ಚಪ್ಪಟೆ ಬಂಡೆ. ಅದರ ಮೂಲೆಯಲ್ಲಿ ಬಿಳಿ, ಕೆಂಪು ಚೂರುಗಳು ಹರಡಿದ್ದವು. ಹತ್ತಿರದ್ದನ್ನು ನೋಡಲು ಮಾವನಿಗೆ ಬೇಕಾದ ಕನ್ನಡಕ ದಡದಲ್ಲಿತ್ತು.

"ನೋಡು ಮಾರಾಯ್ತಿ, ಅಕ್ಷತೆ. ನಮಗಿಂತ ಮುಂಚೆ ಯಾರೋ ಪುಣ್ಯಾತ್ಮರು ಪೂಜೆ ಮಾಡಿ ಹೋಗಿದ್ದಾರೆ."

ಬಗ್ಗಿ ನೋಡಿದೆ. ಅದು ಏಡಿ ಚಿಪ್ಪಿನ ಚೂರು. ನೀರುನಾಯಿಯ ಹಿಕ್ಕೆ ಒಣಗಿ ಉದುರಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನಾಲ್ಕು ಕಾಳು ತಮ್ಮ ತಲೆಗೆ, ನಾಲ್ಕು ನನ್ನ ತಲೆಗೂ ಹಾಕಿದ್ದಾಗಿತ್ತು. ವರ್ಷಗಟ್ಟಲೆ ನಸ್ಯ ಏರಿಸಿದ ಮೂಗಿಗೆ ವಾಸನೆ ಎಲ್ಲಿ ಬರಬೇಕು?

ಹೇಳಿದರೆ ಅವರು ಇನ್ನೆಂದೂ ಬರುವುದಿಲ್ಲ. ಅವರಿಲ್ಲದೆ ಮನೆಯಲ್ಲಿ ನನ್ನನ್ನು ಕಳಿಸುವುದಿಲ್ಲ. ನೀರುನಾಯಿ ನೋಡುವ ಆಸೆಗೆ ಎಳ್ಳುನೀರು ಬಿಟ್ಟಂತೆಯೇ. ಅದಕ್ಕೇ ಆರು ಭಾನುವಾರ ತಲೆ ಬಗ್ಗಿಸಿ ಆ ಅಕ್ಷತೆ ಹಾಕಿಸಿಕೊಂಡೆ. ಅವರ ಖಾಲಿ ನಸ್ಯದ ಡಬ್ಬಿಯಲ್ಲೇ ಒಂದಿಷ್ಟು ಚೂರು ಒಯ್ದು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮನೆಗೆ ಬಂದ ಕೂಡಲೇ ನಾನು ಸೀಗೆಪುಡಿ ಹಾಕಿ ತಲೆ ತೊಳೆಯುತ್ತಿದ್ದೆ. ಅವರು ಹಾಗೇ ಹೋಗಿ ದೇವರ ಮನೆಯಲ್ಲಿ ಕೂರುತ್ತಿದ್ದರು. ಅದನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತು.

ಏಳನೆಯ ಭಾನುವಾರ ನಾನು ಪೊದೆಯ ಹಿಂದೆ ಸೊಳ್ಳೆ ಹೊಡೆಯುತ್ತಾ ಕೂತಿದ್ದೆ. ಮಾವ ಸಾವಿರದೆಂಟು ಗಾಯತ್ರಿ ಹಿಡಿದು ಬಂಡೆಯ ಮೇಲೆ ಅಲುಗಾಡದೆ ಕೂತಿದ್ದರು. ನೀರಿನಿಂದ ಒಂದು ಚಪ್ಪಟೆ ತಲೆ ಎದ್ದಿತು. ಕಂದು ಮೈ, ಬಿಳಿಚಿದ ಗಂಟಲು, ಉಗುರು ಇದ್ದೂ ಇಲ್ಲದಂಥ ಪುಟ್ಟ ಬೆರಳು. ಬಂಡೆ ಹತ್ತಿ, ಮಾವನಿಂದ ಒಂದು ಮಾರು ದೂರದ ಅದೇ ಮೂಲೆಗೆ ಹೋಗಿ, ಅವರಿಗೆ ಬೆನ್ನು ಮಾಡಿ ಬಾಲ ಎತ್ತಿತು. ಕೆಲಸ ಮುಗಿಸಿ, ಕಾಲಿಂದ ಚೆನ್ನಾಗಿ ತುಳಿದು ಹರಡಿ, ನೀರಿಗಿಳಿಯಿತು. ನನಗೆ ಕುಣಿಯುವಷ್ಟು ಖುಷಿ, ಅಷ್ಟೇ ಭಯ.

ಮಾವನ ತುಟಿ ಒಂದು ಗಳಿಗೆ ನಿಂತಿತು, ಮತ್ತೆ ಆಡತೊಡಗಿತು. ಲೆಕ್ಕ ಪೂರ್ತಿ ಮಾಡಿಯೇ ಎದ್ದರು. ನೀರಲ್ಲಿ ಮೂರು ಸಲ ಮುಳುಗಿ ದಡಕ್ಕೆ ಬಂದರು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ಹೇಳಿದ್ರೆ ನೀವು ಬರೋದು ಬಿಡ್ತೀರಿ ಅಂತ..."

ಬೈಗುಳಕ್ಕೆ ಕಾದು ನಿಂತೆ. ಅವರು ಚೊಂಬು ತುಂಬಿಕೊಂಡರು.

"ತಲೆ ಬಗ್ಗಿಸು" ಎಂದರು. ಬಗ್ಗಿಸಿದೆ. ತಣ್ಣನೆಯ ನೀರನ್ನು ನಿಧಾನವಾಗಿ ನನ್ನ ನೆತ್ತಿಗೆ ಹೊಯ್ದರು.

"ಮುಂದಿನ ವಾರ ಪಕ್ಕದ ಬಂಡೇಲಿ ಕೂತ್ಕೋತೀನಿ. ಅದು ಅದರ ಕಲ್ಲು."