ಬೆಳೆಯುವ ಕೈಗೆಂದು ಕೊಂಡ ಬೇಸ್ ಗಿಟಾರ್

ಮೊನ್ನೆ ಬಡಗಿ ಬಂದು ಹೊಸ ಬಾಗಿಲಿಗೆ ವಾರ್ನಿಷ್ ಬಳಿದು ಹೋದ. ಆ ವಾಸನೆಗೆ ಗದ್ವಾಲದ ವಾದ್ಯದಂಗಡಿಯವನು ನೆನಪಾದ. ಅವನ ಅಂಗಡಿಯ ತುಂಬ ಇದೇ ವಾಸನೆ. ಮೊಮ್ಮಕ್ಕಳೇ, ನೀವೂ ಈಗ ಬೇಸ್ ಗಿಟಾರ್ ಬೇಕೆಂದು ಹಟ ಹಿಡಿದಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದು ತೆಲಂಗಾಣ ಹೊಸ ರಾಜ್ಯವಾದ ವರ್ಷ. ನಿಮ್ಮ ಅಜ್ಜ ತೀರಿ ವರ್ಷ ತುಂಬಿರಲಿಲ್ಲ. ನಿಮ್ಮ ಅತ್ತೆಗೆ ಆಗ ಹನ್ನೊಂದು. ಅಪ್ಪ ಹೋದ ಮೇಲೆ ಹುಡುಗಿ ಮಾತೇ ಬಿಟ್ಟಿದ್ದಳು. ನಮ್ಮೂರು ಮಕ್ತಲದ ಶಾಲೆಯಲ್ಲಿ ಹೊಸ ರಾಜ್ಯದ ಹಾಡುಗಳಿಗೆ ಮಕ್ಕಳ ತಂಡ ಕಟ್ಟುತ್ತಿದ್ದರು. ಒಂದು ದಿನ ಟೀಚರಮ್ಮ ತಮ್ಮ ಬೇಸ್ ಅನ್ನು ಇವಳ ತೊಡೆಯ ಮೇಲಿಟ್ಟರಂತೆ. ಅಂದು ರೊಟ್ಟಿ ತಿಂದು ಮುಗಿಸುವ ತನಕ ಅದರ ಮಾತೇ. ಆ ನಾಲ್ಕು ದಪ್ಪ ತಂತಿಗಳ ದನಿ ಎದೆಯೊಳಗೆ ಬಡಿಯುತ್ತದೆ ಎಂದಳು. ಸ್ವಂತದ್ದೊಂದು ಇದ್ದರೆ ತಂಡದಲ್ಲಿ ಜಾಗ.

ಟೀಚರಮ್ಮ ನನಗೆ ಬಿಡಿಸಿ ಹೇಳಿದ್ದರು. ಕಲಿಯುವ ಮಗು, ದೊಡ್ಡ ಕಂಪನಿಯ ಹೆಸರಿನದು ಬೇಡ. ಕುತ್ತಿಗೆ, ಅಂದರೆ ತಂತಿ ಎಳೆದ ಉದ್ದನೆಯ ಮರ, ಗಿಡ್ಡ ಇರಬೇಕು. ಕುಳಿತು ಹಿಡಿದರೆ ಆ ಮರದ ತುದಿಯಲ್ಲಿರುವ ಮೊದಲ ಲೋಹದ ಪಟ್ಟಿಗೆ ಬೆರಳು ಸುಲಭವಾಗಿ ಮುಟ್ಟಬೇಕು. ತಂತಿ ಮರದಿಂದ ತೀರಾ ಮೇಲೆ ಇರಬಾರದು. ಇಷ್ಟೇ.

ಅವಳನ್ನು ಕರೆದುಕೊಂಡು ಗದ್ವಾಲಕ್ಕೆ ಹೋದೆ. ಆ ಅಂಗಡಿಯವನಿಗೆ ಒಂದು ವಾದ್ಯವೂ ನುಡಿಸಲು ಬರುತ್ತಿರಲಿಲ್ಲ. ಹೆಗಲ ಟವೆಲಿನಿಂದ ಗಿಟಾರನ್ನು ಎಮ್ಮೆಯ ಮೈ ಒರೆಸಿದಂತೆ ಒರೆಸುತ್ತಿದ್ದ. ಪ್ರತ್ಯೇಕ ರಾಜ್ಯದ ಚಳವಳಿಯ ಮೆರವಣಿಗೆಗಳಿಗೆ ನಾಲ್ಕು ಡೋಲು ಮಾರಿದ್ದನಂತೆ, ಅಷ್ಟಕ್ಕೇ ರಾಜ್ಯವನ್ನು ತಾನೇ ತಂದವನ ಹಾಗೆ ಮಾತಾಡುತ್ತಿದ್ದ. ಗೋಡೆಗೆ ಎರಡು ಬೇಸ್ ತೂಗುಹಾಕಿದ್ದ. ಗಿಡ್ಡದ್ದು ಒಂದು, ಯಾರೂ ಕೇಳದೆ ಧೂಳು ತಿಂದ ಉದ್ದದ್ದು ಒಂದು. ಬೆಲೆ ಹೆಚ್ಚುಕಡಿಮೆ ಒಂದೇ. ನಿಮ್ಮ ಅತ್ತೆ ಗಿಡ್ಡದ್ದನ್ನು ತೊಡೆಯ ಮೇಲಿಟ್ಟುಕೊಂಡಳು.

"ಅವ್ವಾ, ಇದಕ್ಕ ನನ್ನ ಬೆರಳು ಮುಟ್ತಾವ."

ಅವನು ಅವಳತ್ತ ನೋಡಲೂ ಇಲ್ಲ. "ಯೂನಿಫಾರ್ಮ್ ಹೊಲಿಸುವಾಗ ಒಂದ್ ಸೈಜ್ ದೊಡ್ಡದ ಹೊಲಿಸ್ತೀರಿಲ್ರಿ ಅಕ್ಕಾರ? ಇದೂ ಹಂಗ. ಬೆಳಿಯೋ ಹುಡುಗಿ. ಸಣ್ಣದು ಆಟದ ಸಾಮಾನ್ರಿ."

ನಾನು ದಡ್ಡಿ. ನಮ್ಮ ಮನೆಯಲ್ಲಿ ಲಂಗವನ್ನು ಉದ್ದ ಹೊಲಿಸಿ, ಅಂಚು ಮಡಚಿ, ವರ್ಷವರ್ಷ ಬಿಚ್ಚುತ್ತ ಬಂದವಳು. ಆ ಮಾತು ನನಗೆ ತಕ್ಷಣ ಹಿಡಿಸಿತು. ಮರದ ಕುತ್ತಿಗೆಯನ್ನು ಮಡಚಲಾಗುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಉದ್ದದ್ದನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹುಡುಗಿ ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಹದಿನೈದು ದಿನಕ್ಕೆ ಅವಳ ಮಣಿಕಟ್ಟು ಊದಿತು. ಬೆರಳು ಮೊದಲ ಪಟ್ಟಿಯನ್ನು ಮುಟ್ಟಲಿಲ್ಲ. ಟೀಚರಮ್ಮ ಬದಲಿಸಿ ತನ್ನಿ ಎಂದರು. ಮತ್ತೆ ಗದ್ವಾಲಕ್ಕೆ ಹೋದೆವು. ಗಿಡ್ಡದ್ದು ಇನ್ನೂ ಗೋಡೆಯ ಮೇಲೇ ಇತ್ತು. ಅಂಗಡಿ ತುಂಬ ಜನ.

"ಗಿಟಾರ್ ಸರಿ ಐತ್ರಿ ಅಕ್ಕಾರ, ಹುಡುಗಿ ಕೈ ಸಣ್ಣದು. ಕೈಗೂ ನಾನ ಗ್ಯಾರಂಟಿ ಕೊಡಬೇಕೇನ್ರಿ?"

ಎಲ್ಲರೂ ನಕ್ಕರು. ಗಂಡಸರ ಮುಂದೆ ದನಿ ಎತ್ತಿ ಅಭ್ಯಾಸವಿಲ್ಲದ ನಾನು ಸೆರಗು ಹೊದ್ದು ಹೊರಗೆ ಬಂದೆ. ತಂಡದ ಜಾಗ ಬೇರೆ ಹುಡುಗಿಗೆ ಹೋಯಿತು. ಗಿಟಾರು ಅಟ್ಟ ಸೇರಿತು, ಹುಡುಗಿ ಮತ್ತೆ ಮೊದಲಿನಂತಾದಳು.

ಐದು ವರ್ಷದ ಮೇಲೆ ಒಂದು ದಿನ, ಗೋಡೆಗೆ ಸುಣ್ಣ ಹೊಡೆಯುವಾಗ ಅದನ್ನು ಅಟ್ಟದಿಂದ ಇಳಿಸಿದೆವು. ನಿಮ್ಮ ಅತ್ತೆ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡಳು. ಬೆರಳು ಮುಟ್ಟಿತು. ಆ ಅಯೋಗ್ಯ ಹೇಳಿದ್ದೇ ನಿಜವಾಗಿತ್ತು! ನಾನು ಹುಚ್ಚಿಯಂತೆ ಹಿಗ್ಗಿದೆ. ಅವಳು ನಗಲಿಲ್ಲ.

"ಈಗ ಮುಟ್ಟಿದ್ರ ಏನ್ ಮಾಡ್ಲವ್ವಾ?" ಎಂದು ಅದನ್ನು ಗೋಡೆಗೆ ಒರಗಿಸಿ ಎದ್ದುಹೋದಳು.

ಆ ಅಂಗಡಿಯವನು ಸತ್ತು ಎರಡು ವರ್ಷವಾಯಿತಂತೆ. ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಸುದ್ದಿ ಕೇಳಿ ನನಗೆ ಕನಿಕರ ಹುಟ್ಟಲಿಲ್ಲ, ಸುಳ್ಳೇಕೆ ಹೇಳಲಿ. ಅವನ ಮುಖಕ್ಕೆ ಹೇಳಬೇಕಿದ್ದ ಮಾತು ಹಾಗೇ ಉಳಿಯಿತು. ಅಂದು ನಿನ್ನ ಮಾತು ಕೇಳಬೇಕಿತ್ತು ಎಂದು ನಿಮ್ಮ ಅತ್ತೆಗೆ ಹೇಳಬೇಕಾದದ್ದೂ...